ಪೆನ್ಸಿಲ್ ಗುರುತು

“ಈ ಕಟ್ಟಡದಲ್ಲಿ ಓಡಾಡೋ ಒಂದೊಂದು ಕಾಗದದ ಹೊಟ್ಟೇಲಿ ಏನಿದೆ ಅಂತ ನನಗೆ ಗೊತ್ತು ಸರ್. ಅದೂ ಒಂದಕ್ಷರ ಓದೋಕೆ ಬರದೆ!” ಬೆಳಗಿನ ಟೀ ಲೋಟ ಇಡುತ್ತಾ ಆಯಮ್ಮ ಜಂಬ ಕೊಚ್ಚಿಕೊಂಡಳು. ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕಳು. “ಇದರಲ್ಲಿ ಅರ್ಧ ಸುಳ್ಳು, ಬಿಡಿ.”

ಬೇರೆ ದಿನವಾಗಿದ್ದರೆ ವಿಭಾಗದ ಮುಖ್ಯಸ್ಥರೂ ನಗುತ್ತಿದ್ದರು. ಇವತ್ತು ಅವರ ಕೈ ತಟ್ಟನೆ ಮೇಜಿನ ಮೇಲಿದ್ದ ಕಾಗದವನ್ನು ಮುಚ್ಚಿತು.

ವಿಶ್ವವಿದ್ಯಾಲಯದ ಆಡಳಿತ ಕಚೇರಿಯ ಸುತ್ತೋಲೆ. ಮೂರನೆಯದು, ಕೊನೆಯದು. ಗಣಿಗಳಾಚೆ ತೆರೆಯುತ್ತಿರುವ ಹೊಸ ಕೇಂದ್ರಕ್ಕೆ ಪ್ರತಿ ವಿಭಾಗದಿಂದ ಒಬ್ಬರು ಐದು ವರ್ಷ ಹೋಗಬೇಕು. ಸಹಿ ಮಾಡಿದ ಒಪ್ಪಿಗೆ ಪತ್ರ ಈ ಸಂಜೆ ಐದರೊಳಗೆ ತಲುಪಬೇಕು. ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವಂತಿಲ್ಲ. ಪತ್ರ ಬಾರದಿದ್ದರೆ ಮುಖ್ಯಸ್ಥರೇ ಹೊರಡತಕ್ಕದ್ದು.

ಆ ಜಾಗದಲ್ಲಿ ಧೂಳು ಎಷ್ಟೆಂದರೆ ಕೆಮ್ಮಿದರೆ ಇಟ್ಟಿಗೆ ಉದುರುತ್ತದಂತೆ. ಮುಖ್ಯಸ್ಥರ ಹೊಸ ಮನೆಗೆ ಬಳಿದ ಬಣ್ಣ ಇನ್ನೂ ಆರಿರಲಿಲ್ಲ. ಬೆಳಿಗ್ಗೆ ತಾನೇ ಹೆಂಡತಿ ಕಿಟಕಿಯ ಪರದೆಗೆ ಅಳತೆ ತೆಗೆದಿದ್ದಳು. ಕೇಳಿದರೆ ಹೂಂ ಅನ್ನುವವರು ಯಾರು? ಹಾಗಾಗಿ ಕೇಳದೆಯೇ ಒಪ್ಪಿಸುವ ದಾರಿ ಹುಡುಕಿದ್ದರು.

ಆ ವಿಭಾಗದಲ್ಲಿ ಸಹಿ ಹಾಕುವ ಕಾಗದವನ್ನು ಯಾರೂ ಓದುತ್ತಿರಲಿಲ್ಲ, ಮುಖ್ಯಸ್ಥರೂ ಸೇರಿ. ಆಯಮ್ಮ ಪೆನ್ಸಿಲ್‌ನಿಂದ ಪುಟ್ಟ ಗುರುತು ಹಾಕಿ ತರುತ್ತಿದ್ದಳು, ಗುರುತಿದ್ದಲ್ಲಿ ಎಲ್ಲರೂ ಪೆನ್ನು ಎಳೆಯುತ್ತಿದ್ದರು. ಗಂಡ ಸತ್ತ ಮೇಲೆ ಅವನ ಕೆಲಸಕ್ಕೆ ಬಂದವಳು. ಮೂವತ್ತು ವರ್ಷದಲ್ಲಿ ಒಂದು ಗುರುತೂ ತಪ್ಪಿರಲಿಲ್ಲ.

“ಖಾಲಿ ಗೆರೆ ಕಂಡಲ್ಲಿ ಹಾಕ್ತೀನಿ, ಅಷ್ಟೆ” ಎನ್ನುತ್ತಿದ್ದಳು. ಈಚೆಗೆ ಮಾತ್ರ ತಿಂಗಳಿಗೆ ಎರಡೆರಡು ಪೆನ್ಸಿಲ್ ಕೇಳುತ್ತಿದ್ದಳು.

“ತಿಂತೀರಾ ಹೇಗೆ, ಆಯಮ್ಮ?” ಎಂದು ಮುಖ್ಯಸ್ಥರು ಒಮ್ಮೆ ರೇಗಿಸಿದ್ದರು.

“ಇರೋದು ಎರಡೇ ಹಲ್ಲು ಸರ್. ನೆಕ್ಕಿ ಮುಗಿಸ್ತೀನಿ.”

ಒಪ್ಪಿಗೆ ಪತ್ರ ಎರಡು ಪ್ರತಿ ಬಂದಿತ್ತು. ಒಂದನ್ನು, ಹೆಸರಿನ ಜಾಗ ಖಾಲಿ ಬಿಟ್ಟು, ವಿಭಾಗದಲ್ಲಿ ಪಾಠ ಮಾಡುವ ಕಿರಿಯ ಮೇಡಂ ಸಹಿ ಹಾಕಬೇಕಾದ ಪರೀಕ್ಷೆಯ ಹಾಳೆಗಳ ನಡುವೆ ತುರುಕಿದರು. ಇನ್ನೊಂದನ್ನು ಎರಡಾಗಿ ಮಡಚಿ ಕಸದ ಬುಟ್ಟಿಗೆ ಹಾಕಿದರು. ಕಟ್ಟನ್ನು ಆಯಮ್ಮನ ಕೈಗೆ ಕೊಟ್ಟರು. ಹೋಗುವಾಗ ಅವಳು ಎಂದಿನಂತೆ ಬುಟ್ಟಿಯನ್ನೂ ಎತ್ತಿಕೊಂಡು ಹೋದಳು. ಸುಳಿವೂ ಉಳಿಯಲಿಲ್ಲ.

ಕಿರಿಯ ಮೇಡಂನ ತಾಯಿ ಹಾಸಿಗೆ ಹಿಡಿದು ಎರಡು ವರ್ಷ. ಮಧ್ಯಾಹ್ನ ಓಡಿಹೋಗಿ ತುತ್ತು ತಿನ್ನಿಸಿ ಓಡಿ ಬರುತ್ತಿದ್ದಳು. ಆದರೂ ದಿನಾ ಬೆಳಿಗ್ಗೆ ಅರ್ಧ ಗಂಟೆ ಮೊದಲೇ ಬಂದು ಖಾಲಿ ತರಗತಿಯಲ್ಲಿ ಆಯಮ್ಮನ ಜೊತೆ ಕೂರುತ್ತಿದ್ದಳು. ಅದೇನು ಹರಟೆಯೋ! ಸದಾ ಗಡಿಬಿಡಿಯ ಈ ಹುಡುಗಿ ಯಾವ ಕಾಗದವನ್ನೂ ಓದುವವಳಲ್ಲ ಎಂದೇ ಮುಖ್ಯಸ್ಥರು ಅವಳನ್ನು ಆರಿಸಿದ್ದು. ಎದೆ ಚುರ್ ಎಂದಿತು. ಕೂಡಲೇ ಪರದೆಗಳು ನೆನಪಾದವು.

ಮೂರು ಗಂಟೆ. ಗಾಜಿನ ಗೋಡೆಯಾಚೆ ಕಿರಿಯ ಮೇಡಂ ಕಟ್ಟು ಬಿಚ್ಚಿದಳು.

“ನಿಮ್ಮದೂ ಒಂದು ಮಣ ಇದೆ ಸರ್” ಎಂದು ಆಯಮ್ಮ ಧೊಪ್ಪನೆ ಇನ್ನೊಂದು ಕಟ್ಟು ಇಟ್ಟಳು. “ಬೇಗ ಸಹಿ ಗೀಚಿ ಕೊಡಿ, ನನ್ನ ಸೊಂಟ ಮುರಿಯೋಕೆ ಮೊದಲು.”

ಮುಖ್ಯಸ್ಥರು ಗೀಚತೊಡಗಿದರು. ಕೈ ಗುರುತಿನಿಂದ ಗುರುತಿಗೆ, ಕಣ್ಣು ಗಾಜಿನಾಚೆಗೆ. ಅಲ್ಲಿ ಒಂದು ಹಾಳೆಗೆ ಬಂದಾಗ ಕಿರಿಯ ಮೇಡಂ ಕೈ ತಡೆಯಿತು. ಪೆನ್ನು ಗಾಳಿಯಲ್ಲೇ ಉಳಿಯಿತು. ಹಾಳೆ ಹಿಡಿದು ಎದ್ದಳು. ಬಾಗಿಲು ತೆರೆಯಿತು.

“ಸರ್, ಇದು ನಿಜವಾಗ್ಲೂ ನನಗೇನಾ?”

ಮುಖ್ಯಸ್ಥರು ಪೆನ್ನು ಕೆಳಗಿಟ್ಟರು.

“ಭಾನುವಾರಾನೂ ಪರೀಕ್ಷೆ ಕೆಲಸ ಹಾಕಿದ್ದೀರಲ್ಲ. ಅಮ್ಮನ ಹತ್ತಿರ ಯಾರೂ ಇರಲ್ಲ.”

ಹೋದ ಜೀವ ಬಂತು. “ತೆಗೆಸ್ತೀನಿ ಬಿಡಮ್ಮ.”

“ನೀವು ಮಾಡಿದ್ದನ್ನ ಜನ್ಮದಲ್ಲಿ ಮರೆಯಲ್ಲ ಸರ್.”

ಅವಳು ಹೋದ ಮೇಲೆ ಮುಖ್ಯಸ್ಥರು ಉಳಿದ ಗುರುತುಗಳ ಮೇಲೂ ಗೀಚಿ ಕಟ್ಟನ್ನು ಆಯಮ್ಮನಿಗೆ ಕೊಟ್ಟರು. ನಾಲ್ಕೂವರೆಗೆ ಕಿರಿಯ ಮೇಡಂನ ಕಟ್ಟು ಬಂತು. ಒಪ್ಪಿಗೆ ಪತ್ರದ ಕೆಳಗೆ ಅವಳ ಸಹಿ! ಮುಖ್ಯಸ್ಥರು ಖಾಲಿ ಜಾಗದಲ್ಲಿ ಅವಳ ಹೆಸರು ಬರೆದರು, ಲಕೋಟೆಗೆ ಹಾಕಿದರು, ಅಂಟಿಗೆ ಕೈ ಚಾಚಿದರು.

“ಒಣಗಿ ಕಲ್ಲಾಗಿದೆ ಸರ್, ತಲೆಗೆ ಹೊಡೆದ್ರೆ ಪ್ರಾಣ ಹೋಗುತ್ತೆ” ಎಂದಳು ಆಯಮ್ಮ. “ಕೆಳಗೆ ಹೊಸದಿದೆ. ಅಲ್ಲೇ ಹಚ್ಚಿ ಕೊಟ್ಟುಬರ್ತೀನಿ.”

“ಐದರೊಳಗೆ ಹೋಗಬೇಕು, ಆಯಮ್ಮ!”

“ಹೋಗಬೇಕಾದ್ದು ಇವತ್ತು ಹೋಗೇ ಹೋಗುತ್ತೆ ಸರ್.”

ಐದಕ್ಕೆ ಐದು ನಿಮಿಷವಿರುವಾಗ ಫೋನ್ ಬಡಿದುಕೊಂಡಿತು. ಆಡಳಿತ ಕಚೇರಿಯ ಗುಮಾಸ್ತ.

“ತಲುಪಿತು ಸರ್, ನೋಂದಾಯಿಸಿಬಿಟ್ಟೆ. ದೊಡ್ಡ ಮನಸ್ಸು ನಿಮ್ಮದು! ಇಷ್ಟು ವಿಭಾಗದಲ್ಲಿ ತಾನೇ ಹೋಗ್ತೀನಿ ಅಂದ ಮುಖ್ಯಸ್ಥರು ನೀವೊಬ್ಬರೇ.”

ಮುಖ್ಯಸ್ಥರು ಕುರ್ಚಿಯಿಂದ ಎದ್ದರು. “ಯಾರು... ಯಾರ ಸಹಿ?”

“ನಿಮ್ಮದೇ ಸರ್, ನನಗೆ ಗೊತ್ತಿಲ್ವಾ? ಹಾಳೆಯ ನಡುವೆ ಒಂದು ಮಡಿಕೆ ಇದೆ, ಪರವಾಗಿಲ್ಲ. ಆದರೆ ನಿಮ್ಮ ಹೆಸರು ಯಾಕೆ ಸರ್, ಈಗಷ್ಟೇ ಅಕ್ಷರ ಕಲಿತ ಮಗು ಬರೆದ ಹಾಗಿದೆ? ದುಂಡುದುಂಡಗೆ, ಪೆನ್ಸಿಲ್ ಮೇಲೆ ಪೆನ್ನು ತಿದ್ದಿದ ಹಾಗೆ.”

ಬಾಗಿಲ ಬಳಿಯ ಸ್ಟೂಲು ಖಾಲಿ. ಕಸದ ಬುಟ್ಟಿ ತೊಳೆದಿಟ್ಟಷ್ಟು ಚೊಕ್ಕಟ.

ಬೆಳಿಗ್ಗೆ ಅರ್ಧ ಸುಳ್ಳು ಅಂದಿದ್ದಳಲ್ಲ ಆಯಮ್ಮ, ಅದು ಯಾವ ಅರ್ಧ? ಹೇಳಿ ನೋಡೋಣ.