ಗಸಗಸೆಯಷ್ಟು ಬಾಯಿ

ಮೀನಿನ ಮೇವಿಟ್ಟ ಬೆಂಕಿಪೊಟ್ಟಣ ತೆರೆದರೆ ಸಾಕು, ಪಾಚಿಯನ್ನು ಬಿಸಿಲಿಗೆ ಹರವಿದಂಥ ಆ ವಾಸನೆ ನಫೋಸತ್‌ಳನ್ನು ತವರಿನ ಮಾಳಿಗೆಗೆ ಎಳೆದೊಯ್ಯುತ್ತಿತ್ತು. ಅಪ್ಪ ಕಾಲುವೆಯಲ್ಲಿ ಬಲೆಯಾಡಿಸಿ ತಂದ ನೀರುಚಿಗಟವೆಂಬ ಸಣ್ಣ ಹುಳುಗಳನ್ನು ಹಳೇ ಪತ್ರಿಕೆಯ ಮೇಲೆ ಒಣಗಿಸಿ, ಪುಡಿ ಮಾಡಿ, ತೆಳುಬಟ್ಟೆಯಲ್ಲಿ ಸೋಸಿ ಮೀನುಗಳಿಗೆ ಹಾಕುತ್ತಿದ್ದ. ಮಾರ್ಗಿಲಾನ್ ಪಟ್ಟಣದ ಸೊಸೆಯರು ತವರಿನಿಂದ ರತ್ನಗಂಬಳಿ ತರುತ್ತಾರೆ. ಇವಳು ತಂದದ್ದು ಅಪ್ಪ ಸಾಕಿದ, ಅಕ್ಕಿಕಾಳಿನುದ್ದದ ಕೆಂಪು ಮೀನುಗಳ ಗಾಜಿನ ತೊಟ್ಟಿ. ಮದುವೆಯಾದ ಚಳಿಗಾಲದಲ್ಲೇ ಅಪ್ಪ ತೀರಿಕೊಂಡ. ಅವನದು ಅಂತ ಉಳಿದದ್ದು ಇಷ್ಟೇ.

"ಚಿಟಿಕೆ ಧೂಳು ಹಾಕಿ ಊಟ ಅಂತೀಯಲ್ಲ! ನೋಡಿದೋರು ಏನಂದಾರು?" ಅತ್ತೆ ಸನೋಬರ್ ತಲೆವಸ್ತ್ರದ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ನೋಡುವವರು ಆವತ್ತೇ ಬಂದಿದ್ದರು. ಮಾವ ತುರ್ಗುನ್ ಪೇಟೆಯ ಗಣ್ಯರನ್ನೆಲ್ಲ ಪಲಾವಿಗೆ ಕರೆದಿದ್ದರು. ಮಾವನ ಔದಾರ್ಯಕ್ಕೆ ಯಾವಾಗಲೂ ಪ್ರೇಕ್ಷಕರು ಬೇಕು. ಹಿರಿಯರು ಬೆರಳಲ್ಲಿ ಪಲಾವು ಎತ್ತಿ ಅತಿಥಿಯ ಬಾಯಿಗಿಟ್ಟರೆ ಬೇಡ ಅನ್ನುವಂತಿಲ್ಲ, ಅದು ಗೌರವ. ಉಂಡು ಉಸಿರುಗಟ್ಟಿದವರ ಬಾಯಿಗೂ ಮಾವ ಕುರಿಬಾಲದ ಕೊಬ್ಬು ತುರುಕಿದರು. ಅವರು ಕಣ್ಣು ಮೇಲೆ ಮಾಡಿಕೊಂಡು ನುಂಗಿ, ಹೊಗಳಿದರು.

ಆಮೇಲೆ ಮಾವನ ಕಣ್ಣು ತೊಟ್ಟಿಯ ಮೇಲೆ ಬಿತ್ತು. "ಇವೂ ನಮ್ಮ ಅತಿಥಿಗಳೇ ಕಣ್ರೀ!" ಎನ್ನುತ್ತ ಎಣ್ಣೆ ಸೋರುವ ಹಿಡಿ ಪಲಾವು ಎತ್ತಿ ನೀರಿಗೆ ಹಾಕಿಯೇ ಬಿಟ್ಟರು.

ಚಹಾ ತಂದ ನಫೋಸತ್ ಬಾಗಿಲಲ್ಲೇ ನಿಂತಳು. ಅತಿಥಿಗಳೆದುರು ಸೊಸೆ ದನಿ ಎತ್ತುವಂತಿಲ್ಲ. ಎತ್ತಿದಳು. "ಬೇಡ ಮಾವ! ಅವುಗಳ ಬಾಯಿ ಗಸಗಸೆಯಷ್ಟೂ ಇಲ್ಲ. ಕೊಬ್ಬು ನೀರಿನ ಮೇಲೆ ಕಟ್ಟಿದರೆ ಉಸಿರುಕಟ್ಟಿ ಸಾಯ್ತವೆ."

"ಕೇಳಿದ್ರಾ? ನಮ್ಮನೇಲಿ ಉಂಡು ಸಾಯ್ತಾವಂತೆ!" ಮಾವ ತೊಡೆ ತಟ್ಟಿ ನಕ್ಕರು. "ನಿಮ್ಮಪ್ಪ ಮೀನನ್ನೂ ನಿನ್ನನ್ನೂ ಧೂಳು ಹಾಕಿ ಸಾಕಿದ್ದಾನೆ ಬಿಡು. ಅದಕ್ಕೇ ಕೊಬ್ಬು ಕಂಡ್ರೆ ವಾಂತಿ ನಿಂಗೆ. ಲೇ ಸನೋಬರ್, ಬಟ್ಟಲು ತುಂಬ ಕೊಬ್ಬು ಹಾಕಿ ಕೊಡು ಇವಳಿಗೆ. ಇವತ್ತು ಖಾಲಿ ಮಾಡ್ಲೇಬೇಕು."

ಗಣ್ಯರೆಲ್ಲ ಘೊಳ್ಳೆಂದರು. ಗಂಡ ಎನ್ನುವವನು ಒರೆಸಿದ ಬಟ್ಟಲನ್ನೇ ಮತ್ತೆ ಒರೆಸುತ್ತ ಕುಳಿತಿದ್ದ.

ಅತಿಥಿಗಳು ಹೊರಟ ಮೇಲೆ ನಫೋಸತ್ ಪತ್ರಿಕೆಯ ಹಾಳೆಯನ್ನು ನೀರಿನ ಮೇಲೆ ಹಾಸಿದಳು. ಎತ್ತಿದಾಗ ಹಾಳೆ ಜಿಡ್ಡು ಹೀರಿ ಪಾರದರ್ಶಕವಾಗಿತ್ತು. ಇನ್ನೊಂದು ಹಾಸಿದಳು, ಮತ್ತೊಂದು. ಅನ್ನದ ಅಗುಳುಗಳನ್ನು ಹೆಕ್ಕಿ ತೆಗೆದು, ಅರ್ಧ ನೀರು ಬಸಿದು, ಕೊಡದಲ್ಲಿ ಹಿಡಿದಿಟ್ಟಿದ್ದ ಹಳೇ ನೀರು ತುಂಬಿದಳು. ಎರಡು ಮೀನು ಹೊಟ್ಟೆ ಮೇಲಾಗಿ ತೇಲಿದವು. ಮೇಲೆ ಬಂದು ಗಾಳಿಗಾಗಿ ಬಾಯಿ ಬಿಡುತ್ತಿದ್ದ ಉಳಿದವು ಒಂದೊಂದಾಗಿ ಕೆಳಗಿಳಿದವು.

ಅವಳಿನ್ನೂ ಉಂಡಿರಲಿಲ್ಲ. ಪಕ್ಕದಲ್ಲಿ ಮಾವ ಕಳಿಸಿದ ಬಟ್ಟಲಿನಲ್ಲಿ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. "ಖಾಲಿ ಆಯ್ತೇನೇ?" ಮಾವನ ದನಿ ಒಳಗಿನಿಂದ ಬಂತು.

"ಆಯ್ತು," ಎಂದದ್ದು ಅತ್ತೆ. ಯಾವಾಗ ಬಂದು ಹಿಂದೆ ನಿಂತಿದ್ದರೋ! ಅವಳ ಮುಖ ನೋಡದೆ ಆ ಬಟ್ಟಲನ್ನೆತ್ತಿ ಸೆರಗಿನ ಮರೆ ಮಾಡಿಕೊಂಡು, ಇನ್ನೊಂದನ್ನು ಅವಳ ಕೈಗಿಟ್ಟು ಹೊರಟುಹೋದರು.

ಹಾಲಿನಲ್ಲಿ ಬೇಯಿಸಿದ ಅಕ್ಕಿಗಂಜಿ. ಕಾಳು ಪೂರ್ತಿ ಕರಗಿತ್ತು, ಮೇಲೆ ಜಿಡ್ಡಿನ ಒಂದು ಹನಿಯೂ ಇರಲಿಲ್ಲ. ಇಷ್ಟು ಮೆತ್ತಗಾಗಬೇಕಾದರೆ, ಒಳಗೆ ಅವರೆಲ್ಲ ನಗುತ್ತಿದ್ದಾಗಲೇ ಇದು ಒಲೆಯ ಮೇಲೆ ಕೂತಿರಬೇಕು.