ಹೀರೋ ಹೆಸರೇನು?

ಟಿವಿಯಲ್ಲಿ ಹೀರೋ ಬಾಯೊಳಗಿದ್ದ ತುತ್ತನ್ನು ತಟ್ಟೆಗೇ ಉಗಿದ. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇತ್ತ ಗುಬ್ಬಿ ಪಟ್ಟಣದ ಮನೆಯಲ್ಲಿ ಲಕ್ಷ್ಮೀಕಾಂತ ತೊಡೆ ಬಡಿದುಕೊಂಡು ನಕ್ಕ.

“ಗಂಡಸು ಅಂದ್ರೆ ಇವ್ನು ಕಣಮ್ಮ!”

“ನೀನೇನ್ ಕಮ್ಮಿನೇನ್ಲಾ?” ಎಂದಳು ತಾಯಿ ಸಿದ್ದಲಕ್ಷ್ಮಮ್ಮ, ಹೆಮ್ಮೆಯಿಂದ.

ಅಡುಗೆಮನೆಯಲ್ಲಿ ಮುದ್ದೆ ಕಟ್ಟುತ್ತಿದ್ದ ಸೊಸೆ ಮಂಗಳಗೌರಿಗೆ ವಾಕರಿಕೆ ಬಂತು. ಟಿವಿಯತ್ತ ಅವಳು ತಿರುಗಿಯೂ ನೋಡಿರಲಿಲ್ಲ.

ಆ ಧಾರಾವಾಹಿಯ ಹೀರೋಗೆ ಹೆಸರೇ ಇರಲಿಲ್ಲ. ಹೆಂಡತಿಗೆ ಅವನು ‘ನಮ್ಮನೆಯವರು’, ತಾಯಿಗೆ ‘ಮಗ’, ಆಫೀಸಿನಲ್ಲಿ ‘ಸಾರ್’. ಶುರುವಾದಾಗಿನಿಂದ ಜನರಿಗೆ ಇದೇ ತಮಾಷೆ. ತುಮಕೂರಿನ ಬಸ್ಸಿನಲ್ಲಿ, ಲಕ್ಷ್ಮೀಕಾಂತ ಸೂಪರ್‌ವೈಸರ್ ಆಗಿದ್ದ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ, ಎಲ್ಲಿ ನೋಡಿದರೂ “ಗೊತ್ತಾಯ್ತಾ ಹೆಸ್ರು?” ಎಂಬ ಮಾತೇ. ಪಕ್ಕದ ಮನೆಯ ಚಿಕ್ಕಗಂಗಮ್ಮ ದಿನಕ್ಕೊಂದು ಹೆಸರಿಡುತ್ತಿದ್ದಳು. “ಇವತ್ತು ಕೆಂಪಯ್ಯ ಅಂತಿಟ್ಕಳಿ” ಎಂದರೆ ಮನೆಯೆಲ್ಲ ನಗು.

ನಗದವಳು ಮಂಗಳಗೌರಿ ಒಬ್ಬಳೇ. ಆ ಹೀರೋ ಹಾಸಿಗೆಯ ಮೇಲೆ ಕಾಲುಗುರು ಕತ್ತರಿಸಿ ಹೆಂಡತಿಯಿಂದ ಆರಿಸುತ್ತಿದ್ದ. ಮಾವ ಬಂದರೆ ಒಂದು ಲೋಟ ನೀರೂ ಕೊಡಿಸದೆ ಬಾಗಿಲಿನಿಂದಲೇ ಸಾಗಹಾಕುತ್ತಿದ್ದ. ಕೆನ್ನೆಗೆ ಬಾರಿಸಿ, ಸಂಜೆ ಒಂದು ಮೊಳ ಮಲ್ಲಿಗೆ ತರುತ್ತಿದ್ದ. ಅದಕ್ಕೂ ಇವರ ಚಪ್ಪಾಳೆ. ಆಮೇಲೆ ಊಟಕ್ಕೆ ಕೂತ ಲಕ್ಷ್ಮೀಕಾಂತ “ಏನೇ ಇದು, ಉಪ್ಪಿನ ಮೂಟೆ” ಎಂದು ತಟ್ಟೆಗೆ ಉಗಿದರೆ, ಅದನ್ನೆತ್ತುವಾಗ ಆ ಎಂಜಲು ಅವಳ ಬೆರಳಿಗೆ ಬೆಚ್ಚಗೆ ತಾಗುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಅಸಹ್ಯ ಹೋಗುತ್ತಿರಲಿಲ್ಲ.

ಮಧ್ಯಾಹ್ನ ಅವಳು ಮೊಬೈಲ್ ಹಿಡಿದು ಕೂತರೆ ಅತ್ತೆ ಗೊಣಗುತ್ತಿದ್ದಳು.

“ಯಾವಾಗ್ಲೂ ಅದ್ರಲ್ಲೇನೇ ಕುಟ್ತಿರ್ತೀಯ?”

“ನಂದಿತಾಗೆ ಅತ್ತೆ.” ನಂದಿತಾ ಕುಣಿಗಲ್ ಕಾಲೇಜಿನಲ್ಲಿ ಜೊತೆಗೆ ಓದಿದವಳು, ಈಗ ಬೆಂಗಳೂರಿನಲ್ಲಿ ಟಿವಿ ಚಾನೆಲ್ಲೊಂದರ ಕೆಲಸದಲ್ಲಿದ್ದಳು.

“ಏನಂತೆ ಅವಳ್ದು?”

“ಗಂಡನ ಸಮಾಚಾರ. ಬಾಯಿಬಿಟ್ಟು ಹೇಳೋದೋ ಬೇಡ್ವೋ ಅಂತ ಮಾತಾಡ್ತಿದೀವಿ.”

“ಬಾಯ್ಮುಚ್ಕೊಂಡು ಬಾಳಾಟ ಮಾಡು ಅನ್ನು ಅವಳ್ಗೆ.”

ಶುಕ್ರವಾರ ಹೀರೋನ ಹೆಸರು ಹೊರಬೀಳುತ್ತದೆಂದು ಚಾನೆಲ್‌ನವರು ವಾರವಿಡೀ ಸಾರಿದರು. ಅಂದು ಚಿಕ್ಕಗಂಗಮ್ಮ ಮೊದಲೇ ಬಂದು ಸೋಫಾದಲ್ಲಿ ಕೂತಳು. ಮಂಗಳಗೌರಿಯೂ ಒಲೆ ಆರಿಸಿ ಬಂದು ಬಾಗಿಲಿಗೆ ಒರಗಿ ನಿಂತಳು.

ಟಿವಿಯಲ್ಲಿ, ಕೆನ್ನೆ ಊದಿದ್ದ ಹೆಂಡತಿ ಮಹಿಳಾ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು.

“ಗಂಡನ ಹೆಸರೇನಮ್ಮ?” ಎಂದರು ಇನ್‌ಸ್ಪೆಕ್ಟರ್.

“ಲಕ್ಷ್ಮೀಕಾಂತ್.”

ಮನೆಯೆಲ್ಲ ಗೊಳ್ಳೆಂದಿತು. “ನನ್ ಹೆಸ್ರೇ ಇಟ್ಟವ್ರೆ ಕಣಮ್ಮ!” ಲಕ್ಷ್ಮೀಕಾಂತ ಕುಣಿದಾಡಿದ.

“ಅವನ ತಂದೆ?”

“ಆಂಜನಪ್ಪ.”

ಸಿದ್ದಲಕ್ಷ್ಮಮ್ಮನ ನಗು ಅರ್ಧಕ್ಕೇ ನಿಂತಿತು. ಅದು ತೀರಿಹೋದ ಅವಳ ಗಂಡನ ಹೆಸರು.

“ಊರು?”

“ಗುಬ್ಬಿ. ಕೆಲಸ ಸತ್ಯಮಂಗಲದಲ್ಲಿ.”

ಚಿಕ್ಕಗಂಗಮ್ಮ ಸೆರಗು ಎಳೆದುಕೊಂಡು ಲಕ್ಷ್ಮೀಕಾಂತನ ಪಕ್ಕದಿಂದ ಮೆಲ್ಲಗೆ ಸರಿದು ಕೂತಳು.

“ಯಾವನವ್ನು ಇದನ್ನ ಬರ್ದಿರೋನು?” ಅವನು ಅರಚಿದ.

“ಅವನಲ್ಲ, ಅವಳು,” ಎಂದಳು ಮಂಗಳಗೌರಿ. “ನಾನೇ.”