ಅಡ್ಡಿ ಏನಾದರೂ ಇದೆಯಾ?

“ನಿನ್ನೆ ಏನು ಮಾಡಿದ್ರಿ, ಇವತ್ತು ಏನು ಮಾಡ್ತೀರಿ, ಕೆಲಸಕ್ಕೆ ಅಡ್ಡಿ ಏನಾದರೂ ಇದೆಯಾ?” ದಿನಾ ಬೆಳಿಗ್ಗೆ ಕೇಳುವ ಪ್ರಶ್ನೆಗಳನ್ನೇ ಟೀಮ್ ಲೀಡ್ ಅಂದೂ ಕೇಳಿದ. ಒಬ್ಬೊಬ್ಬರೂ ತಮ್ಮ ಸರದಿ ಬಂದಾಗ ನಿನ್ನೆಯದು, ಇವತ್ತಿನದು ಹೇಳಿ, ಕೊನೆಯ ಪ್ರಶ್ನೆಗೆ “ಏನಿಲ್ಲ” ಎಂದು ಮುಗಿಸಿದರು. ಲೀಡ್ ತನ್ನ ಕ್ಯಾಬಿನ್‌ನಲ್ಲಿ, ಉಳಿದವರೆಲ್ಲ ಒಂದೇ ಹಾಲ್‌ನಲ್ಲಿ ಕೂತಿದ್ದರು, ಆದರೂ ಮೀಟಿಂಗ್ ನಡೆಯುತ್ತಿದ್ದುದು ಹೆಡ್‌ಫೋನಿನೊಳಗೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವಳಿಗೆ ಪಕ್ಕದವನ ಮಾತು ಮೊದಲು ಗಾಳಿಯಲ್ಲಿ ಕೇಳಿಸಿ, ಆಮೇಲೆ ಒಂಚೂರು ತಡವಾಗಿ ಕಿವಿಯೊಳಗೆ ಇನ್ನೊಂದು ಸಲ ಕೇಳಿಸುತ್ತಿತ್ತು.

ಅವಳ ಸರದಿ ಬಂತು. “ನಿನ್ನೆ ಲಾಗಿನ್ ಪುಟ ಟೆಸ್ಟ್ ಮಾಡಿದೆ. ಇವತ್ತು ಪಾಸ್‌ವರ್ಡ್ ಬದಲಾಯಿಸೋ ಪುಟ. ಅಡ್ಡಿ...” ತುಸು ತಡೆದಳು. “ಇದೆ ಸರ್.”

“ಹೇಳಿ.”

“ಮಧ್ಯಾಹ್ನ ಒಬ್ಬಳೇ ಕೂತು ಊಟ ಮಾಡೋಕೆ ಆಗ್ತಿಲ್ಲ. ತುತ್ತು ಗಂಟಲಲ್ಲಿ ಇಳಿಯಲ್ಲ. ಡಬ್ಬಿ ಹಾಗೇ ಮನೆಗೆ ವಾಪಸ್ ಹೋಗ್ತಿದೆ.”

ಲೀಡ್ ಗಂಟಲು ಸರಿಮಾಡಿಕೊಂಡ. “ಅದು... ಫೈಲ್ ಬಂದಿಲ್ಲ, ಸರ್ವರ್ ಓಡ್ತಿಲ್ಲ, ಅಂಥದ್ದಕ್ಕೆ ಕೇಳೋದು ನಾವು.” ಗದರಲಿಲ್ಲ, ಪಾಪ. “ಮುಂದಿನವರು?”

ಅವಳ ಕೆನ್ನೆ ಬಿಸಿಯಾಯಿತು. ಕೇಳಿದ್ದಕ್ಕೆಲ್ಲ ಬಾಯಿಬಿಟ್ಟು ಹೇಳುವುದು ಹಳೆಯ ಕಸುಬು ಕಲಿಸಿದ ಚಾಳಿ. ಇಲ್ಲಿಗೆ ಬರುವ ಮುಂಚೆ ಅವಳು ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದಳು. ಅಲ್ಲಿ ಕತ್ತರಿಗಿಂತ ಬಾಯಿಗೇ ಕೆಲಸ ಹೆಚ್ಚು. ಯಾರ ಸೊಸೆ ಮುನಿಸಿಕೊಂಡಳು, ಯಾರ ಮಗ ಫೇಲಾದ, ಎಲ್ಲವೂ ಕನ್ನಡಿಯೆದುರು ಬಿಚ್ಚಿಕೊಳ್ಳುತ್ತಿತ್ತು. ನಿಂತೂ ನಿಂತೂ ಕಾಲಿನ ನರ ಊದಿಕೊಂಡಾಗ ಡಾಕ್ಟರು, ಕೂತು ಮಾಡುವ ಕೆಲಸ ನೋಡಿಕೋ ತಾಯಿ ಎಂದರು. ಒಲೆಯ ಮುಂದೆ ಫೋನಿನಲ್ಲಿ ಪಾಠ ಕೇಳಿಸಿಕೊಂಡು ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮುಗಿಸಿದಳು. ಐಟಿ ಎಂದರೆ ಗಾಜಿನ ಕಟ್ಟಡ, ತಣ್ಣನೆ ಗಾಳಿ, ಕಾಫಿ ಕಪ್ಪು ಹಿಡಿದು ಗುಂಪಾಗಿ ನಗುವ ಜನ. ಕೋರ್ಸಿನ ಜಾಹೀರಾತಿನಲ್ಲಿ ಹಾಗೇ ಇತ್ತು. ಗಾಜು ಸಿಕ್ಕಿತು, ತಣ್ಣನೆ ಗಾಳಿ ಸಿಕ್ಕಿತು, ಕೂರಲು ಮೆತ್ತನೆಯ ಕುರ್ಚಿಯೂ ಸಿಕ್ಕಿತು. ಕಾಫಿ ಕಪ್ಪು ಹಿಡಿದವರು ಮಾತ್ರ ತಮ್ಮ ತಮ್ಮ ಪರದೆಯ ಕಡೆ ತಿರುಗಿ ಕೂತಿದ್ದರು. ಪಕ್ಕದವನ ತಲೆಯಲ್ಲಿ ಎರಡು ಸುಳಿ ಇರುವುದು ಅವಳಿಗೆ ಗೊತ್ತು. ಎದುರಿನವಳು ಮುಂಗೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ ಎಂಬುದೂ ಗೊತ್ತು. ಅವರು ನಕ್ಕರೆ ಹೇಗೆ ಕೇಳಿಸುತ್ತದೆ ಎಂಬುದು ಗೊತ್ತಿಲ್ಲ.

ಮೀಟಿಂಗ್ ಮುಗಿಯುತ್ತಲೇ ಫೋನ್ ನಡುಗಿತು. ಪಾರ್ಲರಿನ ಒಡತಿ ಅಕ್ಕ. ಫೋನ್ ಹಿಡಿದು ಮೆಟ್ಟಿಲ ಬಳಿ ಹೋಗಿ ಮಾತಾಡಿದಳು.

“ಏ ರೇಡಿಯೋ, ಬದುಕಿದ್ದೀಯೇನೇ? ನಿನ್ನ ಜಾಗಕ್ಕೆ ಒಬ್ಬಳು ಬಂದಿದ್ದಾಳೆ. ಕೈ ಚೆನ್ನಾಗಿದೆ, ಬಾಯೇ ಇಲ್ಲ. ಇಟ್ಕೊಳ್ಳಲಾ, ಇಲ್ಲ ನೀನೇ ವಾಪಸ್ ಬರ್ತೀಯಾ?”

“ಕಾಲು ಒಪ್ಪಬೇಕಲ್ಲಕ್ಕ.”

“ಕಾಲಿಗೊಂದು ಸ್ಟೂಲ್ ಹಾಕ್ಕೊಡ್ತೀನಿ, ಬಾ. ಅಲ್ಲಿ ಜನ ಹೇಗೆ?”

“ಒಳ್ಳೆಯವರೇ. ಯಾರೂ ಒಂದು ಮಾತು ಅನ್ನಲ್ಲ.”

“ಅದೇ ಕಣೇ ನಾನು ಕೇಳ್ತಿರೋದು,” ಅಕ್ಕನ ದನಿ ಮೆತ್ತಗಾಯಿತು. “ಇವತ್ತೇ ಹೇಳಿಬಿಡು. ಆ ಹುಡುಗೀನ ಆಸೆ ತೋರಿಸಿ ಕೂರಿಸೋಕಾಗಲ್ಲ.”

“ಊಟ ಆದ್ಮೇಲೆ ಹೇಳ್ತೀನಿ,” ಎಂದಳು. ಹಾಗೇಕೆ ಅಂದಳೋ ಅವಳಿಗೇ ತಿಳಿಯಲಿಲ್ಲ.

ಸೀಟಿಗೆ ಮರಳಿದರೆ ಪರದೆಯ ಮೂಲೆಯಲ್ಲಿ ಅವಳೊಬ್ಬಳಿಗೇ ಎಂದು ಬಂದ ಮೆಸೇಜುಗಳು. ಪಕ್ಕದವನು ಬರೆದಿದ್ದ: “ನನ್ನ ಕಥೆಯೂ ಅದೇ. ಯಾರಿಗೂ ಹೇಳಬೇಡಿ.” ಎದುರಿನವಳದು: “ನಾನು ಊಟದ ಹೊತ್ತಲ್ಲಿ ವಾಶ್‌ರೂಮಲ್ಲಿ ಕೂತು ಫೋನ್ ನೋಡ್ತಿರ್ತೀನಿ.” ಲೀಡ್ ಕೂಡ ಬರೆದಿದ್ದ: “ಆಗ ಹಾಗಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಊಟಕ್ಕೆ ಕ್ಯಾಬಿನ್‌ನಲ್ಲಿ ನಾನೂ ಒಬ್ಬನೇ.”

ಅವಳು ಎದ್ದು ನಿಂತು ಹಾಲ್ ಪೂರ್ತಿ ಕಣ್ಣಾಡಿಸಿದಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ತಲೆಗಳು. ಒಂದೂ ಮೇಲೇಳಲಿಲ್ಲ. ಮತ್ತೆ ಕೂತು, ಎಲ್ಲರಿಗೂ ಕಾಣುವ ಗುಂಪಿನಲ್ಲಿ ಬರೆದಳು: “ಮಧ್ಯಾಹ್ನ ಊಟದ ಕೋಣೆಗೆ ಬನ್ನಿ. ಒಟ್ಟಿಗೆ ಕೂರೋಣ.” ಅದರ ಕೆಳಗೆ ಒಂದರ ಹಿಂದೊಂದು ಒಪ್ಪಿಗೆಯ ಹೆಬ್ಬೆರಳ ಚಿತ್ರಗಳು ಪಟಪಟನೆ ಮೂಡಿದವು.

ಮಧ್ಯಾಹ್ನ ಎಲ್ಲರಿಗಿಂತ ಮುಂಚೆ ಹೋಗಿ ದೊಡ್ಡ ಮೇಜನ್ನು ಒರೆಸಿದಳು. ಗೋಡೆಗೆ ಒರಗಿಸಿಟ್ಟಿದ್ದ ಕುರ್ಚಿಗಳನ್ನು ಸುತ್ತ ಎಳೆದು ಹಾಕಿದಳು. ಡಬ್ಬಿಯ ಮುಚ್ಚಳ ತೆಗೆದು ಕಾದಳು. ಅನ್ನ ಆರತೊಡಗಿತು. ಬಾಗಿಲಾಚೆ ಹೆಜ್ಜೆ ಸಪ್ಪಳ ಕೇಳಿತು, ಹತ್ತಿರ ಬಂತು, ದೂರವಾಯಿತು.

ಆಗ ಫೋನ್ ಮಿನುಗಿತು. ಪಕ್ಕದವನು: “ಬೇರೆ ಯಾರ್ಯಾರು ಬಂದಿದ್ದಾರೆ?” ಹಿಂದೆಯೇ ಎದುರಿನವಳು: “ಯಾರಾದ್ರೂ ಬಂದ್ರಾ? ಮೊದಲು ಬಂದವಳು ನಾನಾಗೋದು ಬೇಡ.” ಆಮೇಲೆ ಲೀಡ್: “ಎಲ್ಲ ಸೇರಿದ ಮೇಲೆ ಹೇಳಿ, ಬರ್ತೀನಿ.”

ಅವಳು ಸುತ್ತಲಿನ ಖಾಲಿ ಕುರ್ಚಿಗಳನ್ನು ನೋಡಿದಳು. ಮೂವರಿಗೂ ಬೇರೆಬೇರೆಯಾಗಿ ಒಂದೇ ಉತ್ತರ ಬರೆದು ಕಳಿಸಿದಳು:

“ಎಲ್ಲರೂ ಬಂದಾಯ್ತು. ನಿಮ್ಮೊಬ್ಬರಿಗೇ ಕಾಯ್ತಾ ಇದ್ದೀವಿ.”